ದಸರೆಯ ಮರಿಗೆ ಹೋಳಿಯಲ್ಲೇ ಲೆಕ್ಕ

(ಉಮರ್ಗಾದಲ್ಲಿ ಕೂಡಿದ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ. ಉಮರ್ಗಾ, ನಿಲಂಗಾ, ಉದಗೀರ ಕಡೆಯವರಿಗಾಗಿ ಮಾಡಿದ್ದಾದರೂ, ತೋಟದ ಲೈನುಗಳಲ್ಲಿ ಹಂದಿ ಸಾಕುವ ನಮ್ಮ ಎಲ್ಲ ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಅಚ್ಚು ಮಾಡಲಾಗಿದೆ.)



ಈ ದಿನ ನಾನು ಕೂಲಿಯ ವಿಷಯವನ್ನಾಗಲಿ, ಬೋನಸ್ಸಿನ ವಿಷಯವನ್ನಾಗಲಿ ಮಾತನಾಡಲು ನಿಂತಿಲ್ಲ. ಹಂದಿಯ ವಿಷಯ ಮಾತನಾಡಲು ನಿಂತಿದ್ದೇನೆ. ದಯವಿಟ್ಟು ನಗಬೇಡಿರಿ. ನಮ್ಮಲ್ಲಿ ಹಂದಿ ಸಾಕುವವರು ಬಹಳ ಮಂದಿ ಇದ್ದಾರೆ. ಆದರೆ ಸಾಕುತ್ತೇನೆಂದು ನಾಲ್ಕು ಜನರ ಮುಂದೆ ಹೇಳುವವರು ಕಡಿಮೆ. ಸುವಾರ್ತೆಯಲ್ಲಿ ತಪ್ಪಿಹೋದ ಮಗನು ಎಷ್ಟು ಕೆಳಕ್ಕೆ ಬಿದ್ದನೆಂದು ತಿಳಿಸುವುದಕ್ಕೆ, ಅವನು ಹಂದಿ ಮೇಯಿಸುವ ಕೆಲಸಕ್ಕೆ ಸೇರಿದನೆಂದು ಹೇಳಿದೆ. ಆ ಕಥೆಯನ್ನು ಮಕ್ಕಳಿಗೆ ಕಲಿಸುವ ನಾನೇ ಮನೆಯ ಹಿಂದೆ ಹಂದಿ ಕಟ್ಟಿದವನು. ಆದುದರಿಂದ ನನಗೆ ನಾಚಿಕೆಯಿಲ್ಲ, ನಿಮಗೂ ಬೇಡ.

ನಾನು ಡಾಕ್ಟರನಲ್ಲ. ಎಸ್.ಎಸ್.ಎಲ್.ಸಿ. ಓದಿದವನು. ಬಲ್ಲವರನ್ನು ಕೇಳಿ, ಓದಿ, ನನ್ನ ಗೂಡಿನಲ್ಲಿ ನೋಡಿ ತಿಳಿದದ್ದನ್ನು ಮಾತ್ರ ಹೇಳುವೆನು. ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

2016ನೆಯ ಇಸವಿಯ ಬೇಸಿಗೆ ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಮನುಷ್ಯರಿಗೇ ರೈಲಿನಿಂದ ನೀರು ಬಂದ ಕಾಲದಲ್ಲಿ ಹಂದಿಗೆ ಕೆಸರು ಎಲ್ಲಿಂದ ಬರಬೇಕು? ನಮ್ಮ ಊರಿನ ಒಬ್ಬ ಅಕ್ಕ ಕಾಫಿ ತೋಟದ ಕೆಲಸ ಮುಗಿಸಿ ಹೋಳಿಯ ಹೊತ್ತಿಗೆ ಮನೆಗೆ ಬಂದಿದ್ದರು. ಬಿಟ್ಟು ಹೋಗಿದ್ದ ಹೆಣ್ಣು ಹಂದಿಯ ಎಲುಬು ಎಣಿಸುವ ಹಾಗೆ ಇತ್ತು. ಮನೆಯಲ್ಲಿದ್ದ ಮುದಿ ಅತ್ತೆ ತನಗೇ ನೀರು ತರಲಾರದವಳು, ಹಂದಿಗೆ ಏನು ಹಾಕಿಯಾಳು? ಬೇಸಿಗೆ ಕಳೆಯಿತು. ಮಿರಗದ ಮಳೆ ಬಿದ್ದು ಎರಡು ವಾರವಾದರೂ ಹಂದಿ ಬೆದೆಗೆ ಬರಲಿಲ್ಲ. ಅಕ್ಕ ನನ್ನ ಬಳಿಗೆ ಬಂದರು.

“ಮಾಸ್ತರ, ಹಂದಿ ಬಂಜಿ ಆಗ್ಯಾದ. ಎಲ್ಡ್ ಸಲ ಗಂಡಿನ ಬಲ್ಲಿ ಬಿಟ್ರೂ ನಿಂದರವಲ್ದು. ಏನ್ ಮಾಡ್ಲಿ?”

“ಮಾರಿಬಿಡ್ರಿ ಅಕ್ಕಾ. ಸುಮ್ನ ತಿನ್ನಿಸಿ ಏನ್ ಉಪಯೋಗ?” ಎಂದೆನು.

ನನ್ನ ಮಾತು ಕೇಳಿ ಅವರು ಮಾರಿದರು. ತೂಕಕ್ಕೆ ಹಾಕಿದಾಗ ಬಡಕಲು ಹಂದಿಗೆ ಏನು ಬೆಲೆ ಬರುತ್ತದೆ? ಬಂದ ದುಡ್ಡು ಕಿರಾಣಿ ಅಂಗಡಿಯ ಹಳೆಯ ಬಾಕಿಗೆ ಹೋಯಿತು. ಕಡಿಯುವ ದಿನ ನಾನೂ ಅಲ್ಲಿದ್ದೆ. ಬೇರೆ ಕೆಲಸಕ್ಕೆಂದು ಬಂದಿದ್ದ ಒಬ್ಬ ಪಶುವೈದ್ಯರೂ ಇದ್ದರು. “ಯಾಕೆ ಕಡಿಸಿದಿರಿ?” ಎಂದು ಕೇಳಿದರು. ಬಂಜೆ ಹಂದಿ ಸಾಹೇಬರೇ, ಎಂದೆನು. ಅವರು ಗರ್ಭಕೋಶವನ್ನು ಎತ್ತಿಸಿ, ಅದರ ಎರಡು ಕೊಂಬುಗಳ ತುದಿಯಲ್ಲಿದ್ದ ಅಂಡಾಶಯಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನನಗೆ ತೋರಿಸಿದರು. ಸಣ್ಣ ದ್ರಾಕ್ಷಿ ಗೊಂಚಲಿನಂತೆ ಇದ್ದವು. ಮೇಲೆಲ್ಲ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು. ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಜೋಳದ ಕಾಳಿನಷ್ಟು.

“ನೋಡ್ರಿ ಮಾಸ್ತರ್, ಇಷ್ಟು ಕಾಳು ಇದ್ದಾವೆ. ಹಣ್ಣಾದದ್ದು ಒಂದೂ ಇಲ್ಲ. ರೋಗದ ಗುರುತೂ ಇಲ್ಲ. ಇದು ಬಂಜೆ ಅಲ್ಲ, ಹಸಿದದ್ದು. ಇನ್ನೊಂದು ತಿಂಗಳು ನೀರು, ನೆರಳು, ಕಾಳು ಕೊಟ್ಟು ಕಾಯಬೇಕಿತ್ತು” ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಆ ಹಂದಿ ಉಳಿದಿದ್ದರೆ ಚಳಿಗಾಲದಲ್ಲಿ ಐದಾರು ಮರಿ ಹಾಕುತ್ತಿತ್ತು. ಆ ವರ್ಷ ಅಕ್ಕನ ಮನೆಯವರು ತೋಟಕ್ಕೆ ಹೊರಡುವಾಗ ಮೇಸ್ತ್ರಿಯ ಕೈಯಿಂದ ಎರಡು ಪಟ್ಟು ಮುಂಗಡ ಎತ್ತಿದರು. ಮುಂಗಡ ಎತ್ತಿದವನ ಕೂಲಿ ಅವನ ಕೈಯಲ್ಲಿ ಉಳಿಯುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಬ್ಬು ಕಡಿಯಲು ಮುಕಾದಮನಿಂದ ಉಚಲು ಎತ್ತುವವರಿಗೂ ಇದು ಗೊತ್ತು. ಆದುದರಿಂದ ಹಂದಿಯ ಹೊಟ್ಟೆಯೊಳಗಿನ ಈ ಗುಳ್ಳೆಗಳ ವಿಷಯ ನಮ್ಮ ಮನೆಯ ಲೆಕ್ಕದ ವಿಷಯವೂ ಆಗಿದೆ.

ಈಗ ಆ ಗುಳ್ಳೆ ಎಂದರೇನು ಎಂಬುದನ್ನು ಹೇಳುತ್ತೇನೆ. ಹೆಣ್ಣು ಮರಿ ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಅಂಡಾಣುಗಳ ಬೀಜ ಲಕ್ಷಗಟ್ಟಲೆ ಇರುತ್ತದೆ. ಒಂದೊಂದು ಅಂಡಾಣುವಿನ ಸುತ್ತಲೂ ಒಂದು ಹೊದಿಕೆ ಇರುತ್ತದೆ. ಇದನ್ನೇ ಡಾಕ್ಟರರು ಫಾಲಿಕಲ್ ಎನ್ನುತ್ತಾರೆ. ನಾವು ಗುಳ್ಳೆ ಎನ್ನೋಣ. ಹೆಚ್ಚಿನವು ಕಣ್ಣಿಗೆ ಕಾಣದಷ್ಟು ಸಣ್ಣವಾಗಿದ್ದು ಮಲಗಿಕೊಂಡಿರುತ್ತವೆ. ಪ್ರತಿದಿನವೂ ಕೆಲವು ಎಚ್ಚರಗೊಂಡು ಬೆಳೆಯತೊಡಗುತ್ತವೆ. ಹೊದಿಕೆ ಒಂದು ಪದರ, ಎರಡು ಪದರ, ಹೀಗೆ ದಪ್ಪವಾಗುತ್ತ ಹೋಗಿ ಒಳಗೆ ನೀರು ತುಂಬುವ ಹಂತಕ್ಕೆ ಬರಲು ಸುಮಾರು 80 ದಿನಗಳ ಮೇಲೆ ಬೇಕು. ನೀರು ತುಂಬಿದ ಮೇಲೆ ಸಾಸಿವೆಯಿಂದ ಜೋಳವಾಗಿ, ಜೋಳದಿಂದ ಕಡಲೆ ಕಾಳಿನಷ್ಟಾಗಿ, ಕೊನೆಗೆ ಒಡೆದು ಅಂಡಾಣು ಹೊರಬೀಳಲು ಇನ್ನೂ 20 ದಿನಗಳಷ್ಟು ಬೇಕು. ಒಟ್ಟು ನೂರು ದಿನ ಎಂದು ಇಟ್ಟುಕೊಳ್ಳಿರಿ.

ಎದ್ದ ಗುಳ್ಳೆಗಳೆಲ್ಲ ಹಣ್ಣಾಗುವುದಿಲ್ಲ. ಹೊಲದಲ್ಲಿ ಹುಟ್ಟಿದ ಸಸಿಯೆಲ್ಲ ತೆನೆ ಹಿಡಿಯದ ಹಾಗೆಯೇ ಇದು. ಜೋಳದ ಗಾತ್ರಕ್ಕೆ ಬಂದ ಹತ್ತಾರು ಗುಳ್ಳೆಗಳಲ್ಲಿ ಕೆಲವನ್ನು ಮಾತ್ರ ದೇಹವು ಆರಿಸಿಕೊಳ್ಳುತ್ತದೆ, ಉಳಿದವು ಬಾಡಿ ಹೋಗುತ್ತವೆ. ಯಾರ್ಕ್‌ಶೈರ್ ಎಂಬ ದೊಡ್ಡ ಬಿಳಿ ಜಾತಿಯ ಹಂದಿಯಲ್ಲಿ ಹದಿನೈದರ ಸುಮಾರಿಗೆ ಹಣ್ಣಾಗುತ್ತವೆ. ಅದು ಹತ್ತು ಹನ್ನೆರಡು ಮರಿ ಹಾಕುತ್ತದೆ. ನಮ್ಮ ಕರಿ ನಾಡಹಂದಿಯಲ್ಲಿ ಹಣ್ಣಾಗುವುದೇ ಕಡಿಮೆ, ಅದಕ್ಕೇ ಐದರಿಂದ ಎಂಟು ಮರಿ.

ಗುಳ್ಳೆ ಹಣ್ಣಾಗುವಾಗ ಹಂದಿ ಬೆದೆಗೆ ಬರುತ್ತದೆ. ಬೆದೆ ಎರಡು ಮೂರು ದಿನ ಇರುತ್ತದೆ. ಗಬ್ಬ ಕಟ್ಟದಿದ್ದರೆ 21 ದಿನಕ್ಕೆ, ಕೆಲವೊಮ್ಮೆ ಮೂರು ದಿನ ಹಿಂದೆ ಮುಂದೆ, ಮತ್ತೆ ಬರುತ್ತದೆ. ಗಬ್ಬ ಕಟ್ಟಿದರೆ 114 ದಿನಕ್ಕೆ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನಕ್ಕೆ ಈಯುತ್ತದೆ.

ಈಗ ಈ ಎರಡು ಲೆಕ್ಕಗಳನ್ನು ಕೂಡಿಸಿರಿ. ಗುಳ್ಳೆ ಎದ್ದು ಹಣ್ಣಾಗಲು ನೂರು ದಿನ, ಹೊಟ್ಟೆಯಲ್ಲಿ ಮರಿ ಬೆಳೆಯಲು 114 ದಿನ. ದಸರೆಯ ಹೊತ್ತಿಗೆ ಮರಿ ಬೇಕಾದರೆ ಜೂನ್ ತಿಂಗಳ ಮಧ್ಯದಲ್ಲಿ, ಮಿರಗದ ಮಳೆಯಲ್ಲಿ, ಹಂದಿ ಗಬ್ಬ ಕಟ್ಟಬೇಕು. ಜೂನಿನಲ್ಲಿ ಹಣ್ಣಾಗುವ ಗುಳ್ಳೆ ಮಾರ್ಚ್ ಮೊದಲಲ್ಲಿ, ಹೋಳಿಯ ಆಸುಪಾಸಿನಲ್ಲಿ, ಎಚ್ಚರಗೊಳ್ಳಬೇಕು. ನಾವು ಬೆದೆ ಬಂದ ದಿನದಿಂದ ಲೆಕ್ಕ ಹಿಡಿಯುತ್ತೇವೆ. ಹಂದಿಯ ದೇಹವು ಅದಕ್ಕಿಂತ ನೂರು ದಿನ ಮೊದಲೇ ಲೆಕ್ಕ ಹಿಡಿದಿರುತ್ತದೆ. ಆ ನೂರು ದಿನಗಳು ಯಾವುವು? ಹೋಳಿಯಿಂದ ಮಿರಗದವರೆಗೆ, ನಮ್ಮ ಸೀಮೆಯ ಅತಿ ಕೆಟ್ಟ ಬಿಸಿಲಿನ ದಿನಗಳೇ! ಬೇಸಿಗೆಯಲ್ಲಿ ಆದ ನಷ್ಟವನ್ನು ಮಳೆಗಾಲದಲ್ಲಿ ಕಾಣುತ್ತೇವೆ. ಮಳೆ ಬಂತು, ತಂಪಾಯಿತು, ಆದರೂ ಹಂದಿ ನಿಲ್ಲಲೊಲ್ಲದು, ಆದುದರಿಂದ ಬಂಜೆ ಎಂದು ತೀರ್ಪು ಕೊಡುತ್ತೇವೆ.

ಕಾಲಕ್ಕೂ ಅಂಡಾಶಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಾಕು ಹಂದಿಯು ಕಾಡುಹಂದಿಯ ಸಂತತಿ. ಚಳಿ ದೇಶಗಳಲ್ಲಿ ಕಾಡುಹಂದಿಗೆ ಕಾಲದ ಕಟ್ಟು ಬಿಗಿಯಾಗಿದೆ. ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಕೂಡಿ, ವಸಂತದಲ್ಲಿ ಮರಿ ಹಾಕುತ್ತದೆ. ಸಾಕು ಹಂದಿ ವರ್ಷವಿಡೀ ಬೆದೆಗೆ ಬರುವುದನ್ನು ಕಲಿತಿದೆ. ಆದರೂ ಆ ದೇಶಗಳಲ್ಲಿ ಬೇಸಿಗೆಯ ಕೊನೆಯಲ್ಲಿ ಬೆದೆ ತಡವಾಗುವುದೂ, ಗಬ್ಬ ನಿಲ್ಲದಿರುವುದೂ ಇಂದಿಗೂ ಉಂಟು. ನಮ್ಮ ಉಮರ್ಗಾ, ಉದಗೀರಗಳಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೇ ಅಂತರ. ಆದುದರಿಂದ ನಮ್ಮಲ್ಲಿ ಬೆಳಕಿಗಿಂತ ಬಿಸಿಲು, ನೀರು, ಮೇವು ಇವೇ ದೊಡ್ಡ ಕಾರಣಗಳೆಂದು ತಿಳಿಯಬೇಕು.

ಎತ್ತು ಬೆವರುತ್ತದೆ, ಮನುಷ್ಯನು ಬೆವರುತ್ತಾನೆ. ಹಂದಿಗೆ ಮೈ ತಂಪಾಗುವಷ್ಟು ಬೆವರು ಬರುವುದಿಲ್ಲ. ಅದಕ್ಕೇ ಅದು ಕೆಸರಿನಲ್ಲಿ ಹೊರಳುತ್ತದೆ. ಹೊಲಸು ಪ್ರಾಣಿ ಎಂದು ನಾವು ಬೈಯುತ್ತೇವೆ. ಅದು ಪಾಪ, ಮೈ ಆರಿಸಿಕೊಳ್ಳುತ್ತಿರುತ್ತದೆ. 25 ಡಿಗ್ರಿ ದಾಟಿದರೆ ಹಂದಿಗೆ ಬಿಸಿಲಿನ ಕಷ್ಟ ಆರಂಭವಾಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ. ಆಗ ಹಂದಿ ಮೇವು ಬಿಡುತ್ತದೆ. ಮೈಗೆ ಬೆಂಕಿ ಬಿದ್ದಾಗ, ಹೊಟ್ಟೆಗೆ ಇಲ್ಲದಾಗ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗುವ ರಸ ಕಡಿಮೆಯಾಗುತ್ತದೆ. ಹಾರ್ಮೋನು ಎನ್ನುವುದು ಈ ರಸಕ್ಕೇ. ಅದು ಬಂದರೆ ಮಾತ್ರ ಜೋಳದ ಗಾತ್ರದ ಗುಳ್ಳೆ ಕಡಲೆಯಷ್ಟಾಗಿ ಹಣ್ಣಾಗುವುದು. ಬರದಿದ್ದರೆ ಗುಳ್ಳೆ ಅಲ್ಲಿಯೇ ನಿಂತು ಬಾಡುತ್ತದೆ. ತಾಯಿಗೇ ಇಲ್ಲದ ಹೊತ್ತಿನಲ್ಲಿ ಮರಿ ಬೇಡವೆಂದು ದೇಹವೇ ಬಾಗಿಲು ಹಾಕಿಕೊಳ್ಳುತ್ತದೆ. ಅದು ಕಾಯಿಲೆಯಲ್ಲ. ಅನ್ನ ನೀರು ಕಂಡಾಗ ಬಾಗಿಲು ಮತ್ತೆ ತೆರೆಯುತ್ತದೆ.

ನಮ್ಮ ನಾಡಹಂದಿ ಸೀಮೆಯ ಬಿಸಿಲಿಗೆ ಒಗ್ಗಿದ್ದಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಒಗ್ಗಿದ್ದು ನಿಜ. ಮೈ ಚಿಕ್ಕದು, ಮೇವು ಕಡಿಮೆ ಸಾಕು, ಬೇಗನೆ ಪ್ರಾಯಕ್ಕೆ ಬರುತ್ತದೆ. ಬಿಳಿ ಹಂದಿ ಸಾಯುವ ಕಡೆ ಇದು ಬದುಕುತ್ತದೆ. ಆದರೆ ಬದುಕುವುದು ಬೇರೆ, ಮರಿ ಕಟ್ಟುವುದು ಬೇರೆ. ನಮ್ಮ ದೇವಣಿ ಆಕಳಿಗೆ ಹೆಸರಿದೆ, ಉಸ್ಮಾನಾಬಾದಿ ಮೇಕೆಗೆ ಹೆಸರಿದೆ. ಗೋವೆಯ ಅಗೊಂಡ ಹಂದಿಯೂ, ಬಂಗಾಳದ ಘುಂಗ್ರೂ ಹಂದಿಯೂ ಸರಕಾರದ ತಳಿಪಟ್ಟಿಯಲ್ಲಿ ಸೇರಿವೆ. ನಮ್ಮ ಕಡೆಯದು ಬರೀ ‘ನಾಡಹಂದಿ’. ಹೆಸರಿಲ್ಲದ ಪ್ರಾಣಿಗೆ ಆರೈಕೆಯೂ ಬೇಡವೆಂದು ತಿಳಿದುಬಿಟ್ಟಿದ್ದೇವೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು 90 ಲಕ್ಷದಷ್ಟು ಇದ್ದವು. 2012ರ ಗಣತಿಗಿಂತ ನೂರಕ್ಕೆ 12ರಷ್ಟು ಕಡಿಮೆಯಾಗಿದ್ದವು.

ತಪ್ಪೆಲ್ಲ ಹೆಣ್ಣಿನ ಮೇಲೆ ಹಾಕುವುದೂ ನ್ಯಾಯವಲ್ಲ. ಗಂಡು ಹಂದಿಯ ವೀರ್ಯ ತಯಾರಾಗಿ ಹೊರಬರಲು ಸುಮಾರು ಒಂದೂವರೆ ತಿಂಗಳು ಬೇಕು. ಮೇ ತಿಂಗಳಲ್ಲಿ ಬಿಸಿಲಿಗೆ ಬೆಂದ ಗಂಡಿನ ವೀರ್ಯ ಜೂನ್ ಕೊನೆಯವರೆಗೂ ಕೆಟ್ಟಿರಬಹುದು. ಅದು ಹಾರುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ. ಇದನ್ನು ಗುರುತಿಸುವ ಒಂದು ಉಪಾಯ ಕೇಳಿರಿ. ಹಾರಿಸಿದ ಮೇಲೆ ಹೆಣ್ಣು ಸರಿಯಾಗಿ 21 ದಿನಕ್ಕೊಮ್ಮೆ ಮತ್ತೆ ಮತ್ತೆ ಬೆದೆಗೆ ಬರುತ್ತಿದ್ದರೆ, ಅದರ ಗುಳ್ಳೆ ಹಣ್ಣಾಗುತ್ತಿದೆ ಎಂದೇ ಅರ್ಥ. ಆಗ ಗಂಡನ್ನು ಬದಲಿಸಿ ನೋಡಬೇಕು. ಬೆದೆಯೇ ಕಾಣದಿದ್ದರೆ ಹೆಣ್ಣಿನ ಮೈ, ಮೇವು, ನೆರಳು ನೋಡಬೇಕು. ಸಂತಾನವಿಲ್ಲದ ಮನೆಗಳಲ್ಲಿಯೂ ನಾವು ಹೆಣ್ಣುಮಗಳನ್ನೇ ಮೊದಲು ಬಂಜೆ ಎನ್ನುತ್ತೇವೆ. ಪ್ರಾಣಿಯ ವಿಷಯದಲ್ಲಾದರೂ ಲೆಕ್ಕ ನೋಡಿ ಮಾತನಾಡುವುದನ್ನು ಕಲಿತರೆ, ಮನುಷ್ಯರ ವಿಷಯದಲ್ಲಿಯೂ ನಾಲಿಗೆ ಸ್ವಲ್ಪ ತಡೆದೀತು.

ಹಾಲೂಡಿಸುವ ಹಂದಿಯ ಮಾತೂ ಉಂಟು. ಮರಿಗಳು ಮೊಲೆ ಚೀಪುವವರೆಗೆ ಗುಳ್ಳೆ ಹಣ್ಣಾಗುವುದಿಲ್ಲ. ಎಂಟು ವಾರಕ್ಕೆ ಮರಿ ಬಿಡಿಸಿದರೆ, ಮೈಯಲ್ಲಿ ಕಸುವಿದ್ದ ಹಂದಿ ನಾಲ್ಕರಿಂದ ಏಳು ದಿನದೊಳಗೆ ಬೆದೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ಈದು, ಬಿಸಿಲಿನಲ್ಲಿ ಹಾಲೂಡಿಸಿ, ಸೊರಗಿದ ಹಂದಿಗೆ ವಾರದಲ್ಲಿ ಬೆದೆ ಬರಲಿಲ್ಲವೆಂದು ಗಾಬರಿಯಾಗಬೇಡಿರಿ. ಅದಕ್ಕೆ ಮೊದಲು ಮೈ ತುಂಬಲಿ.

ಹಾಗಾದರೆ ನಾವು ಏನು ಮಾಡಬೇಕು? ಹೆಚ್ಚು ದುಡ್ಡಿನ ಕೆಲಸ ಯಾವುದೂ ಇಲ್ಲ.

ಮೊದಲನೆಯದು ನೆರಳು. ತಗಡಿನ ಕೆಳಗೆ ಹಂದಿಯನ್ನು ಕೂಡಿದರೆ ಒಲೆಯೊಳಗೆ ಕೂಡಿದ ಹಾಗೆ. ಬೇವಿನ ಮರದ ಕೆಳಗೆ ಕಟ್ಟಿರಿ. ಮರವಿಲ್ಲದಿದ್ದರೆ ತಗಡಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹೊದಿಸಿರಿ. ಗಾಳಿ ಆಡುವಂತೆ ಎರಡು ಮಗ್ಗುಲು ತೆರೆದಿರಲಿ.

ಎರಡನೆಯದು ನೀರು. ದೊಡ್ಡ ಹಂದಿಗೆ ದಿನಕ್ಕೆ ಎರಡು ಕೊಡ ಕುಡಿಯುವ ನೀರಾದರೂ ಬೇಕು, ಹಾಲೂಡಿಸುವಾಗ ಅದರ ಎರಡರಷ್ಟು. ಬಟ್ಟೆ ಒಗೆದ ನೀರಿನಲ್ಲಿ ಸೋಪು ಇರುತ್ತದೆ, ಕುಡಿಸಬೇಡಿರಿ. ಸ್ನಾನದ ನೀರು ಹರಿಯುವ ಕಡೆ ಒಂದು ಗುಂಡಿ ತೋಡಿದರೆ ಹೊರಳಲು ಸಾಕು. ಗುಂಡಿಗೂ ಗತಿಯಿಲ್ಲದ ಬರಗಾಲದಲ್ಲಿ ಹಸಿ ಗೋಣಿಚೀಲವನ್ನು ಮಧ್ಯಾಹ್ನ ಬೆನ್ನ ಮೇಲೆ ಹಾಕಿರಿ.

ಮೂರನೆಯದು ಮೇವು. ಬಿಸಿಲು ಏರುವ ಮುಂಚೆ ನಸುಕಿನಲ್ಲಿ ಒಮ್ಮೆ, ಇಳಿದ ಮೇಲೆ ರಾತ್ರಿ ಒಮ್ಮೆ ಹಾಕಿರಿ. ಮಧ್ಯಾಹ್ನ ಹಾಕಿದ್ದು ಹಾಳು. ಜೋಳದ ನುಚ್ಚು, ತೊಗರಿಯ ಹೊಟ್ಟು ನುಚ್ಚು, ಸೊಪ್ಪು, ಇವೆಲ್ಲ ನಮ್ಮ ಮನೆಯವೇ. ನಿಲಂಗಾ, ಉದಗೀರಗಳಲ್ಲಿ ಸೋಯಾಬೀನ್ ಬೇಕಾದಷ್ಟು ಬೆಳೆಯುತ್ತದೆ. ಆದರೆ ಹಸಿ ಸೋಯಾ ಹಂದಿಗೆ ಜೀರ್ಣವಾಗದು. ಹುರಿದು ಅಥವಾ ಬೇಯಿಸಿ ಸ್ವಲ್ಪ ಸ್ವಲ್ಪ ಹಾಕಿರಿ. ಮಿರಗಕ್ಕೆ ಎರಡು ವಾರ ಮೊದಲಿನಿಂದ ಪ್ರತಿದಿನದ ಮೇವಿಗಿಂತ ಅರ್ಧ ಕಿಲೋ ನುಚ್ಚು ಹೆಚ್ಚು ಕೊಡಿರಿ. ಆ ಕೊನೆಯ ದಿನಗಳ ಕಾಳು ಹಣ್ಣಾಗುವ ಗುಳ್ಳೆಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಗಬ್ಬ ಕಟ್ಟಿಸಿದ ಮೇಲೆ ಮತ್ತೆ ಮೊದಲಿನಷ್ಟೇ ಸಾಕು.

ನಾಲ್ಕನೆಯದು ಬೆದೆ ನೋಡುವುದು. ಬೇಸಿಗೆಯಲ್ಲಿ ಬೆದೆಯ ಗುರುತು ಮಂದವಾಗಿರುತ್ತದೆ, ಹಗಲು ಹೊತ್ತು ಕಾಣುವುದೇ ಇಲ್ಲ. ನಸುಕಿನಲ್ಲಿಯೂ ಸಂಜೆಯಲ್ಲಿಯೂ ಹಿಂಭಾಗ ಕೆಂಪಾಗಿ ಊದಿದೆಯೋ ನೋಡಿರಿ. ಎರಡು ಅಂಗೈಯಿಂದ ಸೊಂಟವನ್ನು ಒತ್ತಿರಿ. ಓಡದೆ ಕಲ್ಲಿನಂತೆ ನಿಂತರೆ ಬೆದೆ ಸರಿಯಾಗಿದೆ. ಅಂದು ನಿಂತರೆ ಮಾರನೆಯ ದಿನ ಒಮ್ಮೆ, ಹನ್ನೆರಡು ಗಂಟೆ ಬಿಟ್ಟು ಇನ್ನೊಮ್ಮೆ ಗಂಡಿನ ಬಳಿಗೆ ಬಿಡಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಿರಿ, 21ನೆಯ ದಿನಕ್ಕೆ ಮತ್ತೊಂದು ಗುರುತು ಹಾಕಿ ಅಂದು ನೋಡಿರಿ. ಹಾರಿಸಿದ ಮೊದಲಿನ ಒಂದು ತಿಂಗಳು ಹಂದಿಯನ್ನು ಬಿಸಿಲಿಗೆ ಬಿಡಬಾರದು, ಓಡಿಸಬಾರದು, ಟೆಂಪೋದಲ್ಲಿ ಸಾಗಿಸಬಾರದು. ಹೊಸ ಪಿಂಡಗಳು ಉದುರುವುದು ಆ ದಿನಗಳಲ್ಲಿಯೇ.

ಕೊಡಗು, ಚಿಕ್ಕಮಗಳೂರು ತೋಟದ ಲೈನುಗಳಲ್ಲಿ ವರ್ಷವಿಡೀ ಇರುವ ನಮ್ಮ ಜನ, ನಮ್ಮಲ್ಲಿ ಇಂಥ ಬಿಸಿಲಿಲ್ಲ ಎನ್ನಬಹುದು. ನಿಮಗೆ ಬೇರೆ ಕಷ್ಟವಿದೆ. ಜೂನ್‌ನಿಂದ ಬಿಡದೆ ಸುರಿಯುವ ಮಳೆಯಲ್ಲಿ ಮೆಕ್ಕೆಜೋಳ, ನುಚ್ಚು ಬೂಸ್ಟು ಹಿಡಿಯುತ್ತವೆ. ಕೆಲವು ಬೂಸ್ಟುಗಳ ವಿಷವು ಹೆಣ್ಣಿನ ಹಾರ್ಮೋನಿನಂತೆ ನಟಿಸುತ್ತದೆ. ಎಲ್ಲ ಪ್ರಾಣಿಗಳಿಗಿಂತ ಹಂದಿಗೆ ಅದು ಹೆಚ್ಚು ತಟ್ಟುತ್ತದೆ. ಹಿಂಭಾಗ ಊದುತ್ತದೆ, ಬೆದೆಯೆಂದು ನಾವು ಮೋಸಹೋಗುತ್ತೇವೆ, ಒಳಗೆ ಗುಳ್ಳೆ ಹಣ್ಣಾಗಿರುವುದಿಲ್ಲ. ಮೊಲೆ ಬಾರದ ಚಿಕ್ಕ ಮರಿಯ ಹಿಂಭಾಗ ಊದಿದ್ದರೆ ಮೇವಿನ ಚೀಲವನ್ನು ಬಿಚ್ಚಿ ಮೂಸಿ ನೋಡಿರಿ. ಕಮಟು ವಾಸನೆಯ ಕಾಳನ್ನು ಹಂದಿಗೆ ಏನಾಗುತ್ತದೆ ಎಂದು ಹಾಕಬೇಡಿರಿ. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿರಿ.

ಇನ್ನೊಂದು ಎಚ್ಚರಿಕೆ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಮು, ಅರುಣಾಚಲಗಳಲ್ಲಿ ಕಾಣಿಸಿಕೊಂಡು ಆ ಬಳಿಕ ದಕ್ಷಿಣಕ್ಕೂ ಬಂದಿದೆ. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಹಂದಿಗೆ ಬಂದರೆ ಔಷಧವಿಲ್ಲ. ಹೋಟೆಲಿನ ಮುಸುರೆ ತಂದರೆ ಅರ್ಧ ಗಂಟೆ ಕುದಿಸದೆ ಹಾಕಬೇಡಿರಿ. ಹಂದಿಗಳು ಒಮ್ಮೆಲೇ ಜ್ವರ ಬಂದು ಸಾಯತೊಡಗಿದರೆ ಮುಚ್ಚಿಡದೆ ದವಾಖಾನೆಗೆ ತಿಳಿಸಿರಿ.

ನಿಜವಾಗಿ ಬಂಜೆಯಾದ ಹಂದಿ ಇಲ್ಲವೇ? ಇದೆ. ತಂಪು ಕಾಲದಲ್ಲಿ, ಮೈ ತುಂಬಿದ ಮೇಲೆ, ಒಳ್ಳೆಯ ಗಂಡಿನ ಬಳಿ ಮೂರು ಸಲ ಬಿಟ್ಟರೂ ನಿಲ್ಲದಿದ್ದರೆ, ಅಥವಾ ಹಿಂಭಾಗದಿಂದ ಕೀವು ಬರುತ್ತಿದ್ದರೆ ಪಶುವೈದ್ಯರಿಗೆ ತೋರಿಸಿರಿ. ಅವರು ಹೇಳಿದ ಮೇಲೆ ಮಾರಿರಿ. ಉದಗೀರದಲ್ಲಿ ಪಶುವೈದ್ಯ ಕಾಲೇಜು ಇದೆ. ಗಡಿಯ ಆಚೆ ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಅವು ಆಕಳು ಎಮ್ಮೆಗಳಿಗೆ ಮಾತ್ರ ಇರುವವೆಂದು ತಿಳಿಯಬೇಡಿರಿ. ಹಂದಿ ಎಂದು ಹೇಳಲು ನಾಚಿ ಹೊರಗೇ ನಿಂತರೆ ನಷ್ಟ ನಮ್ಮದೇ. ಒಂದು ಕಾಲಕ್ಕೂ ಇನ್ನೊಂದು ಕಾಲಕ್ಕೂ ಅಂಡಾಶಯದಲ್ಲಿ ಏನು ವ್ಯತ್ಯಾಸವಾಗುತ್ತದೆಂದು ವಿದ್ವಾಂಸರು ತಿಳಿಯುವುದು, ಕಡಿದ ಹಂದಿಗಳ ಅಂಡಾಶಯಗಳನ್ನು ತಂದು ಗುಳ್ಳೆಗಳನ್ನು ಅಳೆದು ಎಣಿಸಿಯೇ. ನಮ್ಮ ಸೀಮೆಯ ನಾಡಹಂದಿಯನ್ನೂ ಹಾಗೆ ಎಣಿಸಿರಿ, ತಿಂಗಳು ತಿಂಗಳಿನ ಲೆಕ್ಕ ನಮಗೆ ಹೇಳಿರಿ ಎಂದು ಕೇಳುವ ಹಕ್ಕು ನಮಗೂ ಉಂಟು.

ಕೊನೆಯದಾಗಿ ಎಲ್ಲಕ್ಕಿಂತ ಕಷ್ಟದ ಮಾತು. ನಾವು ದೀಪಾವಳಿ ಕಳೆದ ಮೇಲೆ ಹೊರಡುವವರು, ಹೋಳಿ ಯುಗಾದಿಗೆ ಮರಳುವವರು. ಎಳ್ಳಮಾವಾಸಿಯ ಊಟಕ್ಕೂ ಊರಿನಲ್ಲಿರುವುದಿಲ್ಲ. ಹಂದಿ ಯಾರ ಕೈಯಲ್ಲಿ? ಮುದುಕರ ಕೈಯಲ್ಲಿ. ನಾವು ಮರಳಿದಾಗ ಅದು ಬಡವಾಗಿರುತ್ತದೆ. ಗುಳ್ಳೆಗಳು ಏಳಬೇಕಾದ ತಿಂಗಳು ಅದೇ. ಆದುದರಿಂದ ನನ್ನ ಸೂಚನೆ ಇಷ್ಟು. ಒಂದು ಓಣಿಯ ನಾಲ್ಕೈದು ಮನೆಯವರು ಕೂಡಿ, ಊರಿನಲ್ಲಿ ಉಳಿಯುವ ಒಂದು ಮನೆಗೆ ಹಂದಿಗಳನ್ನು ಒಪ್ಪಿಸಿರಿ. ಹೊರಡುವಾಗ ಒಂದೊಂದು ಹಂದಿಗೆ ಇಷ್ಟು ಚೀಲ ನುಚ್ಚು ಎಂದು ಅಳೆದು ಇಟ್ಟು ಹೋಗಿರಿ. ನೋಡಿಕೊಂಡವರಿಗೆ ಈದಾಗ ಒಂದು ಮರಿ ಕೊಡಿರಿ. ಪುಕ್ಕಟೆ ದುಡಿಸಿಕೊಳ್ಳಬೇಡಿರಿ. ನಮ್ಮ ಕೂಲಿಗಾಗಿ ಕೂಗುವ ನಾವು ಓಣಿಯ ಮುದುಕಿಯ ಕೂಲಿಯನ್ನು ಮರೆಯಬಾರದು.

ಹೀಗೆ ಮಾಡಿದ ಮನೆಗಳು ನಮ್ಮೂರಿನಲ್ಲಿ ಈಗ ಕೆಲವು ಇವೆ. ಅವುಗಳಲ್ಲಿ ಆ ಅಕ್ಕನ ಮನೆಯೂ ಒಂದು. ಅವರು ಮತ್ತೊಂದು ಹೆಣ್ಣು ಮರಿ ತಂದು ಸಾಕಿದರು. ಒಂದು ವರ್ಷ ಅದೂ ಮಿರಗದಲ್ಲಿ ಬೆದೆಗೆ ಬರಲಿಲ್ಲ. ಆಗ ನಾನೇ ಅವರ ಮನೆಗೆ ಹೋಗಿ, “ಅಕ್ಕಾ, ಹಂದಿ ಮಾರ್ತೀರೇನ್ರಿ?” ಎಂದು ಅಂಜುತ್ತ ಕೇಳಿದೆನು. ಅವರು ಗೋಡೆಯ ಕ್ಯಾಲೆಂಡರ್ ತೋರಿಸಿ, “ಇನ್ನೂ ಮೈ ತುಂಬಿಲ್ರಿ ಮಾಸ್ತರ. ಪಂಚಮಿ ತನಕ ಕಾಯ್ತೀನಿ. ಆ ಸಲದಂಗ ನಿಮ್ ಮಾತ್ ಕೇಳಂಗಿಲ್ಲ” ಎಂದರು.

ಹಂದಿ ನಾಗರ ಪಂಚಮಿ ಮುಗಿದ ವಾರ ನಿಂತಿತು. ಆರು ಮರಿ ಹಾಕಿತು. ಆ ವರ್ಷ ಅಕ್ಕ ತೋಟಕ್ಕೆ ಹೊರಡುವಾಗ ಮೇಸ್ತ್ರಿಯ ಬಳಿ ಅರ್ಧ ಮುಂಗಡ ಮಾತ್ರ ಎತ್ತಿದರು. ಉಳಿದ ಅರ್ಧಕ್ಕೆ ಮರಿಗಳಿದ್ದವು.

ಬರುವ ಹೋಳಿಗೆ ನೀವು ಊರಿಗೆ ಮರಳಿದಾಗ ಮೊದಲು ಹಂದಿಯ ಬೆನ್ನು ಸವರಿ ನೋಡಿರಿ. ಎಲುಬು ಕೈಗೆ ಹತ್ತಿದರೆ ಅಂದಿನಿಂದಲೇ ಕೆಲಸ ಹಿಡಿಯಿರಿ.